ಕಡಲ ಕಿನಾರೆಯ ಹಗುರ ಹಾಡುಗಳು ಮತ್ತು ಮರಳಿನ ಮೇಲಿನ ಬೇಲಿ

ಬಿ.ಸಿ.ರೋಡಿನಿಂದ ಕಡಲು ಹೆಚ್ಚು ದೂರವಿಲ್ಲ. ಫರಂಗಿಪೇಟೆ, ಅಡ್ಯಾರ್, ಪಡೀಲ್ ದಾಟಿ ಮಂಗಳೂರು ತಲುಪಿದರೆ ಪಣಂಬೂರು, ತಣ್ಣೀರುಬಾವಿ, ಉಳ್ಳಾಲ, ಸೋಮೇಶ್ವರ ಎಲ್ಲವೂ ಒಂದು ಸಂಜೆಯ ಪ್ರಯಾಣ. ಭಾನುವಾರ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಕುಟುಂಬಗಳು ಮಕ್ಕಳು ಮರಿಗಳೊಂದಿಗೆ ಅಲ್ಲಿಗೆ ಹೋಗುತ್ತವೆ. ಅಲೆಗೆ ಕಾಲೊಡ್ಡಿ, ಚರ್ಮುರಿ ತಿಂದು, ಸೂರ್ಯ ಮುಳುಗುವುದನ್ನು ನೋಡಿ ಮರಳುತ್ತವೆ. ಇದು ನಮಗೆ ಎಷ್ಟು ಸಹಜವಾಗಿದೆ ಎಂದರೆ, ಇದಕ್ಕೂ ಒಂದು ಚರಿತ್ರೆ ಇದೆ ಎಂದು ಯಾರಿಗೂ ಅನಿಸುವುದಿಲ್ಲ.

ಆದರೆ ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕಡಲಿಗೆ 'ಸುಮ್ಮನೆ' ಹೋಗುವ ರೂಢಿ ಇರಲಿಲ್ಲ. ಹೋಗುವವರು ಮೀನಿಗೆ ಹೋಗುತ್ತಿದ್ದರು, ವ್ಯಾಪಾರಕ್ಕೆ ಹೋಗುತ್ತಿದ್ದರು, ಉಳ್ಳಾಲದ ದರ್ಗಾಕ್ಕೆ ಹರಕೆ ಹೊತ್ತು ಹೋಗುತ್ತಿದ್ದರು, ಅಸ್ಥಿ ಬಿಡಲು ಹೋಗುತ್ತಿದ್ದರು. ಕಡಲು ದುಡಿಮೆಯ ಸ್ಥಳ, ಭಯದ ಸ್ಥಳ, ಭಕ್ತಿಯ ಸ್ಥಳ. ಆಟದ ಸ್ಥಳವಾಗಿದ್ದರೆ ಅದು ತೀರದಲ್ಲೇ ಹುಟ್ಟಿದ ಮಕ್ಕಳಿಗೆ ಮಾತ್ರ. ಹಾಗಾದರೆ ಕಡಲ ಕಿನಾರೆ ಎಂದರೆ ಯೌವನ, ಸಂಗೀತ, ರಜೆ, ಮೋಜು ಎಂಬ ಚಿತ್ರ ನಮ್ಮ ಮನಸ್ಸಿಗೆ ಬಂದದ್ದು ಎಲ್ಲಿಂದ?

ಈ ಚಿತ್ರಕ್ಕೆ ಇಡೀ ಜಗತ್ತಿನಲ್ಲಿ ಪ್ರಚಾರ ಕೊಟ್ಟದ್ದು ಅರುವತ್ತರ ದಶಕದ ಅಮೆರಿಕ. ಕ್ಯಾಲಿಫೋರ್ನಿಯಾದ ಬೀಚ್ ಸಿನಿಮಾಗಳು ಮತ್ತು ಅಲ್ಲಿಯ 'ಸರ್ಫ್' ಸಂಗೀತ ಆ ಕೆಲಸ ಮಾಡಿದವು. ಅವು ಬಹಳ ಹಗುರವಾದ ಸರಕುಗಳು. ವಿಮರ್ಶಕರು ಅವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೆ ಹಗುರವಾದದ್ದೇ ದೂರ ತೇಲುತ್ತದೆ. ಆ ಹಾಡುಗಳೂ ಚಿತ್ರಗಳೂ ಎಲ್ಲೆಲ್ಲಿಂದ ಬಂದವು, ಯಾರನ್ನು ಒಳಗೆ ಬಿಟ್ಟವು, ಯಾರನ್ನು ಹೊರಗಿಟ್ಟವು ಎಂದು ಹುಡುಕುತ್ತಾ ಹೋದರೆ ನಮ್ಮ ಇಂದಿನ ಕರಾವಳಿಗೂ ಒಂದು ಪಾಠ ಸಿಗುತ್ತದೆ.

ಹಲಗೆಯ ಮೇಲೆ ಬಂದ ದ್ವೀಪ

ಹಲಗೆಯ ಮೇಲೆ ನಿಂತು ಅಲೆಯ ಸವಾರಿ ಮಾಡುವ 'ಸರ್ಫಿಂಗ್' ಕಲೆ ಅಮೆರಿಕದ್ದಲ್ಲ. ಅದು ಪೆಸಿಫಿಕ್ ಸಾಗರದ ದ್ವೀಪವಾಸಿಗಳದ್ದು. ಅದರಲ್ಲೂ ಹವಾಯಿ ಜನರದ್ದು. ಅಲ್ಲಿ ಅರಸರೂ ಸಾಮಾನ್ಯರೂ, ಗಂಡಸರೂ ಹೆಂಗಸರೂ ಅಲೆ ಏರುತ್ತಿದ್ದರು. 1820ರಲ್ಲಿ ಅಮೆರಿಕದ ಪಾದ್ರಿಗಳು ಹವಾಯಿಗೆ ಬಂದಿಳಿದರು. ಅವರ ಕಣ್ಣಿಗೆ ಈ ಆಟ ಸೋಮಾರಿತನವಾಗಿ, ನಾಚಿಕೆಗೇಡಾಗಿ ಕಂಡಿತು. ಹೊರಗಿನವರು ತಂದ ಕಾಯಿಲೆಗಳಿಂದ ದ್ವೀಪದ ಜನಸಂಖ್ಯೆಯೇ ಕುಸಿಯಿತು. ಶತಮಾನದ ಕೊನೆಗೆ ಆಟ ಅಳಿಯುವ ಹಂತಕ್ಕೆ ಬಂದಿತ್ತು. 1893ರಲ್ಲಿ ಹವಾಯಿಯ ರಾಣಿಯನ್ನು ಪದಚ್ಯುತಗೊಳಿಸಲಾಯಿತು. 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು.

ಯಾವ ಆಟವನ್ನು ಪಾಪವೆಂದು ಹೇಳಲಾಗಿತ್ತೋ ಅದೇ ಆಟ ಆಮೇಲೆ ಪ್ರವಾಸೋದ್ಯಮದ ಜಾಹೀರಾತಾಯಿತು. 1907ರಲ್ಲಿ ಹವಾಯಿ ಮೂಲದ ಜಾರ್ಜ್ ಫ್ರೀತ್ ಕ್ಯಾಲಿಫೋರ್ನಿಯಾದಲ್ಲಿ ಅಲೆಯ ಸವಾರಿಯ ಪ್ರದರ್ಶನ ನೀಡಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಈಜಿನಲ್ಲಿ ಚಿನ್ನ ಗೆದ್ದ ಹವಾಯಿಯ ಡ್ಯೂಕ್ ಕಹನಮೊಕು ಈ ಕಲೆಯನ್ನು ದೇಶ ದೇಶಗಳಲ್ಲಿ ತೋರಿಸಿದರು. ಹೀಗೆ ಗೆದ್ದವರ ನಾಡಿನ ಯುವಕರು ಸೋತವರ ಆಟವನ್ನು ಕಲಿತರು.

ಒಬ್ಬ ನಿರಾಶ್ರಿತನ ಕಾದಂಬರಿ

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಹದಿಹರೆಯದವರ ಕೈಯಲ್ಲಿ ಮೊದಲ ಬಾರಿಗೆ ಖರ್ಚಿಗೆ ಹಣವೂ ಬಿಡುವೂ ಬಂದವು. ಮನೆಯಲ್ಲಿ ಕಾರಿತ್ತು. ಕಾರಿನಲ್ಲೇ ಕುಳಿತು ನೋಡುವ ಬಯಲು ಚಿತ್ರಮಂದಿರಗಳಿದ್ದವು. ಈ ಹೊಸ ಗಿರಾಕಿಗಳಿಗೆ ಏನನ್ನು ಮಾರಬೇಕೆಂದು ಉದ್ಯಮಗಳು ಯೋಚಿಸುತ್ತಿದ್ದವು.

ಉತ್ತರ ಬಂದದ್ದು ಒಂದು ಮನೆಯ ಊಟದ ಮೇಜಿನಿಂದ. ಫ್ರೆಡೆರಿಕ್ ಕೋನರ್ ಎಂಬ ಯಹೂದಿ ಬರಹಗಾರ ನಾಝಿಗಳ ಕಾರಣದಿಂದ ಯುರೋಪ್ ತೊರೆದು ಹಾಲಿವುಡ್ ಸೇರಿದ್ದರು. ಅವರ ಮಗಳು ಕ್ಯಾಥಿ ಮಾಲಿಬು ಕಿನಾರೆಯಲ್ಲಿ ಹುಡುಗರ ಗುಂಪಿನೊಂದಿಗೆ ಅಲೆಯ ಸವಾರಿ ಕಲಿಯುತ್ತಿದ್ದಳು. ದಿನವೂ ಮನೆಗೆ ಬಂದು ಅಲ್ಲಿಯ ಕತೆ ಹೇಳುತ್ತಿದ್ದಳು. ತಂದೆ ಅದನ್ನೇ ಕಾದಂಬರಿಯಾಗಿಸಿದರು. 1957ರಲ್ಲಿ ಪ್ರಕಟವಾದ 'ಗಿಡ್ಜೆಟ್' 1959ರಲ್ಲಿ ಸಿನಿಮಾ ಆಯಿತು. ಹುಡುಗಿಯೊಬ್ಬಳು ಧೈರ್ಯವಾಗಿ ಅಲೆ ಏರುವ ಈ ಕತೆಯಲ್ಲಿ ನಾಯಕಿ ಸಾಂಡ್ರಾ ಡೀ ಪರವಾಗಿ ಅಲೆ ಏರಿದ್ದು ತಲೆಗೆ ವಿಗ್ ತೊಟ್ಟ ಒಬ್ಬ ಗಂಡಸು! ಅದೇ 1959ರಲ್ಲಿ ಹವಾಯಿ ಅಮೆರಿಕದ ಐವತ್ತನೇ ರಾಜ್ಯವಾಯಿತು.

1963ರಲ್ಲಿ ಅಮೆರಿಕನ್ ಇಂಟರ್‌ನ್ಯಾಷನಲ್ ಪಿಕ್ಚರ್ಸ್ ಎಂಬ, ಅಗ್ಗದ ಚಿತ್ರಗಳಿಗೆ ಹೆಸರಾದ ಸಂಸ್ಥೆ 'ಬೀಚ್ ಪಾರ್ಟಿ' ಎಂಬ ಚಿತ್ರ ತೆಗೆಯಿತು. ನಿರ್ದೇಶಕ ವಿಲಿಯಂ ಆಶರ್. ಜೋಡಿ ಫ್ರಾಂಕಿ ಅವಲಾನ್ ಮತ್ತು ಅನೆಟ್ ಫ್ಯುನಿಚೆಲ್ಲೊ. ಚಿತ್ರ ಗೆದ್ದಿತು. ಮುಂದಿನ ಮೂರು ವರ್ಷಗಳಲ್ಲಿ ಒಂದರ ಹಿಂದೊಂದು ಅದೇ ಅಚ್ಚಿನ ಚಿತ್ರಗಳು ಬಂದವು. ಅಚ್ಚು ಸರಳ: ರಜೆಯಲ್ಲಿ ಕಿನಾರೆಗೆ ಬಂದ ಹುಡುಗ ಹುಡುಗಿಯರು, ಚಿಕ್ಕ ಜಗಳ, ಚಿಕ್ಕ ಅಸೂಯೆ, ಪೆದ್ದು ಪೆದ್ದಾದ ಒಂದು ಮೋಟಾರ್ ಸೈಕಲ್ ಪಟಾಲಂ, ರಾತ್ರಿ ಬೆಂಕಿಯ ಸುತ್ತ ಹಾಡು, ಕೊನೆಗೆ ರಾಜಿ. ಅಲ್ಲಿ ತಂದೆ ತಾಯಿ ಕಾಣಿಸುವುದೇ ಅಪರೂಪ. ಪರೀಕ್ಷೆ ಇಲ್ಲ, ಕಾಯಿಲೆ ಇಲ್ಲ, ಬಡತನ ಇಲ್ಲ. ಭಿತ್ತಿಚಿತ್ರಗಳು ಹೆಣ್ಣಿನ ದೇಹವನ್ನು ಸರಕಾಗಿಸಿ ಜನರನ್ನು ಕರೆಯುತ್ತಿದ್ದವು. ಒಳಗೆ ಹೋದರೆ ನಾಯಕಿ 'ಮೊದಲು ಮದುವೆ' ಎಂದು ಹಟ ಹಿಡಿಯುತ್ತಿದ್ದಳು. ಹೊರಗೆ ಸ್ವಚ್ಛಂದ, ಒಳಗೆ ಸಂಪ್ರದಾಯ. ವ್ಯಾಪಾರಕ್ಕೆ ಎರಡೂ ಬೇಕಿತ್ತು.

ಮಿಸ್ರಿನಿಂದ ಬಂದ ರಾಗ

ಈ ಕಿನಾರೆಗೆ ಒಂದು ಸಂಗೀತವೂ ಬೇಕಿತ್ತು. ಅದನ್ನು ಕೊಟ್ಟವರಲ್ಲಿ ಮೊದಲ ಹೆಸರು ಡಿಕ್ ಡೇಲ್. 'ಸರ್ಫ್ ಗಿಟಾರಿನ ರಾಜ' ಎಂದೇ ಅವರನ್ನು ಕರೆಯುತ್ತಾರೆ. ಹೆಸರು ಕೇಳಿದರೆ ಅಪ್ಪಟ ಅಮೆರಿಕನ್ ಅನಿಸುತ್ತದೆ. ಆದರೆ ಅವರ ನಿಜನಾಮ ರಿಚರ್ಡ್ ಮನ್ಸೂರ್. 1937ರಲ್ಲಿ ಬೋಸ್ಟನ್‌ನಲ್ಲಿ ಹುಟ್ಟಿದ ಅವರ ತಂದೆಯ ಕಡೆಯವರು ಲೆಬನಾನ್‌ನಿಂದ ವಲಸೆ ಬಂದ ಅರಬರು. ಮನೆಯಲ್ಲಿ ಚಿಕ್ಕಪ್ಪ 'ಊದ್' ನುಡಿಸುತ್ತಿದ್ದರು. ಹುಡುಗನಿಗೆ ಅರಬ್ ತಾಳವಾದ್ಯ ದರ್ಬುಕಾ ಕಲಿಸಿದವರೂ ಅವರೇ. ನಮ್ಮ ದಫ್ ಬಾರಿಸುವ ಬೆರಳುಗಳಿಗೆ ಗೊತ್ತಿರುವಂಥದ್ದೇ ಒಂದು ಲಯ ಆ ಹುಡುಗನ ಕೈಗೆ ಬಂತು. ಮುಂದೆ ಆ ಲಯವನ್ನೇ ಅವರು ಗಿಟಾರಿನ ತಂತಿಗೆ ಇಳಿಸಿದರು. ಒಂದೇ ತಂತಿಯನ್ನು ಬಿಡುವಿಲ್ಲದೆ ಮೇಲೆ ಕೆಳಗೆ ಮೀಟುವ ಅವರ ವೇಗ ಕ್ಯಾಲಿಫೋರ್ನಿಯಾದ ಹುಡುಗರಿಗೆ ಅಲೆಯ ಅಬ್ಬರದಂತೆ ಕೇಳಿಸಿತು.

1962ರಲ್ಲಿ ಅವರು ಧ್ವನಿಮುದ್ರಿಸಿದ 'ಮಿಸಿರ್ಲೂ' ಈ ಪ್ರಕಾರದ ಅತಿ ಪ್ರಸಿದ್ಧ ನುಡಿಸಾಣಿಕೆ. ಈ ಶಬ್ದದ ಅರ್ಥ 'ಮಿಸ್ರಿನವಳು', ಅಂದರೆ ಈಜಿಪ್ಟ್‌ನ ಹೆಣ್ಣು. ಅರಬ್ಬಿಯ 'ಮಿಸ್ರ್' ತುರ್ಕಿ ಭಾಷೆಗೆ ಹೋಗಿ, ಅಲ್ಲಿಂದ ಗ್ರೀಕರ ಬಾಯಿಗೆ ಬಂದು ಹೀಗಾಯಿತು. ಪೂರ್ವ ಮೆಡಿಟರೇನಿಯನ್ ತೀರದ ಈ ಹಾಡನ್ನು ಗ್ರೀಕ್ ವಲಸಿಗರು 1927ರಲ್ಲೇ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿಸಿದ್ದರು. ಗ್ರೀಕರು, ತುರ್ಕರು, ಅರಬರು, ಅರ್ಮೇನಿಯನ್ನರು, ಯಹೂದಿಗಳು ಎಲ್ಲರೂ ಅದನ್ನು ತಮ್ಮದೆಂದು ಹಾಡಿದ್ದಾರೆ. ಅದರ ಸ್ವರಗಳ ಜಾಡನ್ನು ಅರಬ್ ಸಂಗೀತದಲ್ಲಿ 'ಹಿಜಾಝ್‌ಕಾರ್' ಎನ್ನುತ್ತಾರೆ. ಮಕ್ಕಾ ಮದೀನಾಗಳಿರುವ ಹಿಜಾಝ್ ಪ್ರಾಂತದ ಹೆಸರು ಅದರಲ್ಲಿದೆ. ನಮ್ಮ ಕರ್ನಾಟಕ ಸಂಗೀತದ ವಿದ್ಯಾರ್ಥಿ ಆ ಸ್ವರಗಳನ್ನು ಕೇಳಿದರೆ ಕೂಡಲೇ ಗುರುತಿಸುತ್ತಾನೆ. ಅವು ಮಾಯಾಮಾಳವಗೌಳದ ಸ್ವರಗಳು. ಆರಂಭದ ಪಾಠಕ್ಕೆ ಪುರಂದರದಾಸರು ಆರಿಸಿಕೊಟ್ಟರೆಂದು ಪ್ರತೀತಿ ಇರುವ ರಾಗವೇ ಅದು. ಕ್ಯಾಲಿಫೋರ್ನಿಯಾದ ಕಡಲಿನ ಗುರುತಾಗಿಬಿಟ್ಟ ರಾಗಕ್ಕೆ ಇಷ್ಟು ಊರುಗಳ ನೆಂಟಸ್ತಿಕೆ!

ಡಿಕ್ ಡೇಲ್ ಅವರ ಅಬ್ಬರಕ್ಕೆ ಅಂದಿನ ಧ್ವನಿವರ್ಧಕಗಳು ಸುಟ್ಟು ಹೋಗುತ್ತಿದ್ದವು. ಗಿಟಾರ್ ತಯಾರಕ ಲಿಯೋ ಫೆಂಡರ್ ಅವರಿಗಾಗಿ ಹೆಚ್ಚು ಶಕ್ತಿಯ ಆಂಪ್ಲಿಫೈಯರ್ ರೂಪಿಸಿಕೊಟ್ಟರು. ಇಂದು ನಮ್ಮ ಊರಿನ ಯಾವುದೇ ವೇದಿಕೆಯಲ್ಲಿ ಎದೆ ನಡುಗಿಸುವ ಗಿಟಾರ್ ಸದ್ದಿನ ಹಿಂದೆ ಆ ಲೆಬನಾನಿ ಹುಡುಗನ ಹಟವೂ ಸ್ವಲ್ಪ ಇದೆ.

ಇನ್ನೊಂದು ಕಡೆ ಹಾಥೋರ್ನ್ ಎಂಬ ಊರಿನ ಮೂವರು ಅಣ್ಣತಮ್ಮಂದಿರು, ಒಬ್ಬ ಸೋದರಸಂಬಂಧಿ ಮತ್ತು ಒಬ್ಬ ಗೆಳೆಯ ಸೇರಿ 'ಬೀಚ್ ಬಾಯ್ಸ್' ಎಂಬ ತಂಡ ಕಟ್ಟಿದರು. ಇವರಲ್ಲಿ ನಿಜವಾಗಿ ಅಲೆ ಏರಲು ಬರುತ್ತಿದ್ದದ್ದು ಡೆನಿಸ್ ವಿಲ್ಸನ್ ಒಬ್ಬರಿಗೆ. ಹಾಡು ಕಟ್ಟುತ್ತಿದ್ದ ಬ್ರಯಾನ್ ವಿಲ್ಸನ್ ಕಡಲಿಗೆ ಹೆದರುತ್ತಿದ್ದವರು. 2025ರಲ್ಲಿ ಅವರು ತೀರಿಕೊಂಡರು. 1963ರ ಅವರ ಬಹಳ ದೊಡ್ಡ ಯಶಸ್ಸು 'ಸರ್ಫಿನ್ ಯು.ಎಸ್.ಎ.'. ಅದರ ಧಾಟಿ ಕರಿಯ ಗಾಯಕ ಚಕ್ ಬೆರಿ 1958ರಲ್ಲಿ ಹಾಡಿದ್ದ ಹಾಡಿನದು. ಮೊದಲು ಹೆಸರಿಲ್ಲದೆ ಬಂದ ಆ ಋಣವನ್ನು ಆಮೇಲೆ ಒಪ್ಪಿಕೊಂಡು ಚಕ್ ಬೆರಿ ಹೆಸರನ್ನು ಸೇರಿಸಬೇಕಾಯಿತು.

ಲೆಕ್ಕ ಹಾಕಿ ನೋಡಿ. ಆಟ ಹವಾಯಿಯದು. ಕತೆ ನಿರಾಶ್ರಿತ ಯಹೂದಿಯದು. ಗಿಟಾರಿನ ವೇಗ ಅರಬ್ ಮನೆಯದು. ಹಾಡಿನ ಧಾಟಿ ಕರಿಯನದು. ಹೀಗೆ ಎಲ್ಲರಿಂದಲೂ ಬಂದ ಈ ಸಂತೋಷದ ಕಿನಾರೆಯಲ್ಲಿ ಎಲ್ಲರಿಗೂ ಜಾಗ ಇತ್ತೇ?

ಮರಳಿನ ಮೇಲಿನ ಬೇಲಿ

ಇರಲಿಲ್ಲ. ಬೀಚ್ ಸಿನಿಮಾಗಳನ್ನು ಇಂದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಇದೇ. ಮರಳಿನ ಮೇಲೆ ಕುಣಿಯುವವರೆಲ್ಲ ಬಿಳಿಯರು. 1964ರ ಎರಡು ಚಿತ್ರಗಳಲ್ಲಿ ಬಾಲಕ ಸ್ಟೀವಿ ವಂಡರ್ ಹಾಡುತ್ತಾನೆ. ಕರಿಯ ಹುಡುಗ ಹಾಡಬಹುದು. ಆದರೆ ಹಾಡು ಮುಗಿದ ಮೇಲೆ ಗೆಳೆಯರ ಗುಂಪಿನಲ್ಲಿ ಅವನಿಗೆ ಜಾಗವಿಲ್ಲ.

ಇದು ಆಕಸ್ಮಿಕವಲ್ಲ. ಅದೇ ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಊರಿನಲ್ಲಿ ವಿಲ್ಲಾ ಮತ್ತು ಚಾರ್ಲ್ಸ್ ಬ್ರೂಸ್ ಎಂಬ ಕರಿಯ ದಂಪತಿ 1912ರಲ್ಲಿ ಕಡಲ ಬದಿಯ ಜಾಗ ಕೊಂಡು ಕರಿಯರಿಗಾಗಿ ಒಂದು ವಿಹಾರಧಾಮ ನಡೆಸಿದ್ದರು. 1924ರಲ್ಲಿ ಪುರಸಭೆ 'ಉದ್ಯಾನವನ ಬೇಕು' ಎಂಬ ನೆಪದಲ್ಲಿ ಆ ಜಾಗವನ್ನು ವಶಪಡಿಸಿಕೊಳ್ಳಲು ನಿರ್ಧರಿಸಿತು. ಉದ್ಯಾನವನ ಎಷ್ಟೋ ವರ್ಷ ಬರಲೇ ಇಲ್ಲ. ಆ ಜಾಗ ಬ್ರೂಸ್ ಕುಟುಂಬದ ವಾರಸುದಾರರಿಗೆ ಮರಳಿದ್ದು 2022ರಲ್ಲಿ, ಸುಮಾರು ನೂರು ವರ್ಷಗಳ ನಂತರ. ನಿಕ್ ಗಬಾಲ್ಡನ್ ಎಂಬ ಕರಿಯ ತಾಯಿ, ಮೆಕ್ಸಿಕನ್ ಮೂಲದ ತಂದೆಯ ಯುವಕ ಸಾಂಟಾ ಮೋನಿಕಾದಿಂದ ಸುಮಾರು 12 ಮೈಲಿ ಹಲಗೆಯ ಮೇಲೆ ಕೈಬೀಸುತ್ತಾ ಬಂದು ಮಾಲಿಬುವಿನ ಅಲೆ ಏರುತ್ತಿದ್ದ. 1951ರಲ್ಲಿ ಅಲ್ಲಿಯ ಕಟ್ಟೆಗೆ ಬಡಿದು ಸತ್ತ. ಅವನ ಕತೆಯನ್ನು ಆ ಕಾಲದ ಯಾವ ಬೀಚ್ ಸಿನಿಮಾವೂ ಹೇಳಲಿಲ್ಲ.

ದಕ್ಷಿಣದ ರಾಜ್ಯಗಳಲ್ಲಿ ಬೇಲಿ ಇನ್ನೂ ಕ್ರೂರ. ಮಿಸಿಸಿಪಿಯ ಬಿಲೋಕ್ಸಿಯಲ್ಲಿ ಸರಕಾರದ ಹಣದಿಂದಲೇ ನಿರ್ಮಾಣವಾದ 26 ಮೈಲಿ ಉದ್ದದ ಕಿನಾರೆಯಲ್ಲಿ ಕರಿಯರು ಕಾಲಿಡುವಂತಿರಲಿಲ್ಲ. 1959ರಲ್ಲಿ ಡಾ. ಗಿಲ್ಬರ್ಟ್ ಮೇಸನ್ ಎಂಬ ವೈದ್ಯರು ಮಕ್ಕಳನ್ನೂ ಗೆಳೆಯರನ್ನೂ ಕರೆದುಕೊಂಡು ನೀರಿಗಿಳಿದರು. ಅದೇ ಅಪರಾಧವಾಯಿತು. 1960ರ ಏಪ್ರಿಲ್ 24ರಂದು ನೂರಕ್ಕೂ ಹೆಚ್ಚು ಮಂದಿ ಅದೇ ರೀತಿ ನೀರಿಗಿಳಿದಾಗ ಬಿಳಿಯರ ಗುಂಪು ದೊಣ್ಣೆ, ಸರಪಳಿಗಳಿಂದ ಬಡಿಯಿತು. ಪೊಲೀಸರು ನೋಡುತ್ತಾ ನಿಂತರು. ಕೊನೆಗೆ ನ್ಯಾಯಾಲಯದ ಮೂಲಕ ಆ ಕಿನಾರೆ ಎಲ್ಲರಿಗೂ ತೆರೆದದ್ದು 1968ರಲ್ಲಿ. ಅಂದರೆ ಸಿನಿಮಾದ ಹುಡುಗರು ಹಾಡುತ್ತಾ ಕಡಲಿಗೆ ಹಾರುತ್ತಿದ್ದ ವರ್ಷಗಳಲ್ಲೇ ಅದೇ ದೇಶದ ಬೇರೆ ಮಕ್ಕಳು ಕಾಲು ಒದ್ದೆ ಮಾಡಿಕೊಳ್ಳುವ ಹಕ್ಕಿಗಾಗಿ ಪೆಟ್ಟು ತಿನ್ನುತ್ತಿದ್ದರು.

ಆ ಹಗುರ ಚಿತ್ರಗಳ ಆಯುಷ್ಯವೂ ದೀರ್ಘವಾಗಲಿಲ್ಲ. 1965ರ ಮಾರ್ಚ್‌ನಲ್ಲಿ ಅಮೆರಿಕದ ಸೈನಿಕರು ವಿಯೆಟ್ನಾಂನ ದಾನಾಂಗ್ ಕಡಲತೀರದಲ್ಲಿ ಇಳಿದರು. ಅದೇ ವರ್ಷದ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ವಾಟ್ಸ್ ಎಂಬ ಕರಿಯರ ಬಡಾವಣೆ ಹೊತ್ತಿ ಉರಿದು 34 ಮಂದಿ ಸತ್ತರು. ಕಿನಾರೆಯಲ್ಲಿ ಕುಣಿಯುವ ವಯಸ್ಸಿನ ಹುಡುಗರಿಗೆ ಯುದ್ಧದ ಕರೆ ಬರತೊಡಗಿತು. 1966ರ ಹೊತ್ತಿಗೆ ಆ ಸಂಸ್ಥೆಯ ಬೀಚ್ ಸಿನಿಮಾಗಳ ಸರಣಿ ನಿಂತಿತು. ಆದರೆ ಅವು ಬಿತ್ತಿದ ಕಡಲ ಕಿನಾರೆಯ ಕನಸು ಮಾತ್ರ ಬೇರೆ ದೇಶಗಳಿಗೆ ತೇಲಿ ಹೋಯಿತು. ನಮ್ಮ ದೇಶಕ್ಕೂ ಬಂತು.

ನಮ್ಮ ಕಡಲು, ಅರುವತ್ತರಲ್ಲಿ

ಆಗ ನಮ್ಮ ಕಡಲು ಹೇಗಿತ್ತು? ಮಲ್ಪೆಯಿಂದ ಉಳ್ಳಾಲದ ತನಕ ಮರಳಿನ ಮೇಲೆ ನಡೆಯುತ್ತಿದ್ದದ್ದು ರಂಪಣಿ. ನೂರು ಮಂದಿಯಷ್ಟು ಸೇರಿ ಎಳೆಯುವ ಭಾರೀ ಬಲೆ. ಬಂಗುಡೆ, ಬೂತಾಯಿ ರಾಶಿ ಬಿದ್ದಾಗ ಪಾಲು ಹಂಚಿಕೊಳ್ಳುವ ಕ್ರಮವಿತ್ತು. ಬಲೆ ಎಳೆದವರು ಮೊಗವೀರರು. ಮೀನನ್ನು ಬುಟ್ಟಿಯಲ್ಲಿ ಹೊತ್ತು ಮಾರಿದವರು ಅವರ ಹೆಂಗಸರು. ಸೈಕಲಿಗೆ ಕಟ್ಟಿ ಒಳನಾಡಿನ ಪೇಟೆಗಳಿಗೆ ಒಯ್ದವರಲ್ಲಿ ಬ್ಯಾರಿಗಳು ಬಹಳ. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಪಣಂಬೂರಿನಲ್ಲಿ 1962ರಲ್ಲಿ ಹೊಸ ಬಂದರಿನ ಕೆಲಸ ಸುರುವಾಗಿ, 1974ರಲ್ಲಿ ಅದು ದೇಶದ ಒಂಬತ್ತನೇ ಪ್ರಮುಖ ಬಂದರಾಯಿತು. ಹೀಗೆ ನಮ್ಮ ಅರುವತ್ತರ ಕಿನಾರೆ ಬೆವರಿನ ಕಿನಾರೆ.

ಹಾಗಾಗಿ ಕನ್ನಡ ಸಿನಿಮಾಕ್ಕೆ ಮೋಜಿನ ಕಡಲು ಬೇಕೆನಿಸಿದಾಗ ಅದು ಮಂಗಳೂರಿಗೆ ಬರಲಿಲ್ಲ, ಗೋವಾಕ್ಕೆ ಹೋಯಿತು. 1968ರಲ್ಲಿ ದೊರೆ-ಭಗವಾನ್ ನಿರ್ದೇಶನದ 'ಗೋವಾದಲ್ಲಿ ಸಿ.ಐ.ಡಿ. 999' ತೆರೆಕಂಡಿತು. ಅದೇ ವರ್ಷದ 'ಜೇಡರ ಬಲೆ'ಯಲ್ಲಿ ಪತ್ತೇದಾರನಾಗಿ ಗೆದ್ದಿದ್ದ ರಾಜ್‌ಕುಮಾರ್ ಇಲ್ಲಿಯೂ ನಾಯಕ, ಸಂಗೀತ ಜಿ.ಕೆ. ವೆಂಕಟೇಶ್ ಅವರದು. ಜೇಮ್ಸ್ ಬಾಂಡ್ ಮಾದರಿಯ ಪತ್ತೇದಾರಿಗೆ ಗಿಟಾರ್, ಡ್ರಮ್ಸ್‌ಗಳ ಹೊಸ ಸದ್ದು ಸೇರಿದ ಕಪ್ಪು-ಬಿಳುಪು ಚಿತ್ರಗಳು ಅವು. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರ್‌ನಲ್ಲಿ. ಏಳೇ ವರ್ಷಗಳಲ್ಲಿ ಅದು ಕನ್ನಡ ಪ್ರೇಕ್ಷಕನ ಕನಸಿನ ಕಿನಾರೆಯಾಯಿತು. ರಾಜ್ಯಕ್ಕೆ ಸ್ವಂತದ್ದೇ ಮುನ್ನೂರು ಕಿಲೋಮೀಟರಿಗೂ ಹೆಚ್ಚಿನ ಕರಾವಳಿ ಇದ್ದರೂ ಮೋಜಿಗೆ ಹೊರಗಿನ ಕಡಲೇ ಬೇಕಾಯಿತು. ಬಲೆ ಎಳೆಯುವವರ ನಡುವೆ ನಾಯಕ ನಾಯಕಿ ಕುಣಿಯುವುದಾದರೂ ಹೇಗೆ? ನಮ್ಮದೇ ಭಾಷೆಯ ಸಿನಿಮಾಕ್ಕೆ ತುಳುನಾಡು ಕಾಯಬೇಕಾದದ್ದು 1971ರ 'ಎನ್ನ ತಂಗಡಿ'ಯ ತನಕ. ಅದು ತುಳುವಿನ ಮೊದಲ ಚಿತ್ರ.

ಹಿಂದಿ ಸಿನಿಮಾ ಇನ್ನೂ ಮುಂದೆ ಹೋಗಿತ್ತು. 1965ರ 'ಗುಮ್‌ನಾಮ್' ಚಿತ್ರದ ಆರಂಭದಲ್ಲಿ ಟೆಡ್ ಲಯನ್ಸ್ ತಂಡದ ಮುಖವಾಡ ಹಾಕಿದ ವಾದ್ಯಗಾರರ ಎದುರು ನಡೆಯುವ ಕುಣಿತಕ್ಕೆ ಹಾಡಿದವರು ಮುಹಮ್ಮದ್ ರಫಿ. ಭಜನೆಯನ್ನೂ ನಾತನ್ನೂ ಅಷ್ಟೇ ತನ್ಮಯತೆಯಿಂದ ಹಾಡುತ್ತಿದ್ದ ಅದೇ ಕಂಠ! ಶಂಕರ್-ಜೈಕಿಶನ್ ಅವರ ಹಾಡುಗಳಿಗೆ ವಾದ್ಯಗೋಷ್ಠಿ ಹೊಂದಿಸುತ್ತಿದ್ದವರು ಗೋವಾದ ಸೆಬಾಸ್ಟಿಯನ್ ಡಿಸೋಜ. ಅದೇ ಚಿತ್ರದಲ್ಲಿ ಕಡಲ ಬದಿ ಕುಣಿದ ಹೆಲನ್, ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ತಾಯಿಯ ಕೈ ಹಿಡಿದು ನಡೆದು ಬಂದ ನಿರಾಶ್ರಿತ ಬಾಲಕಿ. ಹಗುರ ಹಾಡಿನ ಹಿಂದೆ ಭಾರವಾದ ಬದುಕು ಇರುವುದು ಅಮೆರಿಕದಲ್ಲಿ ಮಾತ್ರವಲ್ಲ.

ಈ ಹಾಡುಗಳು ಒಳನಾಡಿನ ಮನೆಗಳಿಗೆ ಬಂದದ್ದು ರೇಡಿಯೋದಿಂದ. 1952ರಲ್ಲಿ ಆಕಾಶವಾಣಿ ಸಿನಿಮಾ ಹಾಡನ್ನು ದೂರವಿಟ್ಟಾಗ ಕೇಳುಗರು ಸಿಲೋನ್ ರೇಡಿಯೋ ಕಡೆ ತಿರುಗಿದರು. ಅಲ್ಲಿ ಅಮೀನ್ ಸಯಾನಿ ನಡೆಸಿಕೊಟ್ಟ 'ಬಿನಾಕಾ ಗೀತ್‌ಮಾಲಾ' ದೇಶವನ್ನೇ ಒಂದು ಕೋಣೆಯಲ್ಲಿ ಕೂರಿಸಿತು. 2024ರಲ್ಲಿ ಅವರು ನಿಧನರಾದಾಗ ಒಂದಿಡೀ ತಲೆಮಾರು ತನ್ನ ಸಂಜೆಗಳನ್ನು ನೆನೆಯಿತು. ಯಾವ ಹಾಡನ್ನು ಯಾವ ಧರ್ಮದವನು ಬರೆದ, ಯಾವ ಧರ್ಮದವನು ಹಾಡಿದ ಎಂದು ಆ ಸಂಜೆಗಳಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹವಾಯಿಯ ಅಲೆಗಿಂತ ಮೊದಲೇ ಹವಾಯಿಯ ತಂತಿ ನಮ್ಮಲ್ಲಿಗೆ ತಲುಪಿತ್ತು ಎಂಬುದನ್ನೂ ಇಲ್ಲಿ ನೆನೆಯಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಟಾವ್ ಮೋ ಎಂಬ ಹವಾಯಿ ಸಂಗೀತಗಾರ ಕುಟುಂಬದೊಂದಿಗೆ ಕೋಲ್ಕತಾದಲ್ಲಿ ನೆಲೆಸಿದ್ದರು. ಕಬ್ಬಿಣದ ಸರಳು ಜಾರಿಸಿ ನುಡಿಸುವ ಹವಾಯಿಯನ್ ಗಿಟಾರ್ ಬಂಗಾಳದಲ್ಲಿ ಮನೆಮಾತಾಯಿತು. ಅದನ್ನು ನುಡಿಸಿ ಹೆಸರಾದವರಲ್ಲಿ ಕವಿ ಕಾಝಿ ನಝ್ರುಲ್ ಇಸ್ಲಾಂ ಅವರ ಮಗ ಕಾಝಿ ಅನಿರುದ್ಧ ಒಬ್ಬರು. ಮಗನಿಗೆ ಆ ಹೆಸರಿಟ್ಟ ತಂದೆಯ ಮನಸ್ಸು ಎಷ್ಟು ವಿಶಾಲವಾಗಿತ್ತೋ ಆ ವಾದ್ಯದ ಪಯಣವೂ ಅಷ್ಟೇ ವಿಶಾಲ.

ಕರ್ನಾಟಕದ ಪಾಲೂ ಇದೆ. ಬೆಂಗಳೂರಿನಲ್ಲಿ ಬೆಳೆದ ಕೊಡವ ಯುವಕ ಬಿದ್ದು ಅಪ್ಪಯ್ಯ ಅರುವತ್ತರ ದಶಕದಲ್ಲಿ ಗೆಳೆಯರೊಂದಿಗೆ 'ಟ್ರೋಜನ್ಸ್' ಎಂಬ ಪಾಪ್ ತಂಡ ಕಟ್ಟಿ ಪಾಶ್ಚಾತ್ಯ ಹಾಡುಗಳನ್ನು ನುಡಿಸುತ್ತಿದ್ದರು. 1967ರಲ್ಲಿ ಲಂಡನ್‌ಗೆ ಹೋದರು. 1974ರಲ್ಲಿ ಅವರು ರೂಪಿಸಿದ 'ಕುಂಗ್ ಫು ಫೈಟಿಂಗ್' ಜಗತ್ತನ್ನೇ ಕುಣಿಸಿತು. 1980ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಫಿರೋಝ್ ಖಾನ್ ತಮ್ಮ 'ಕುರ್ಬಾನಿ' ಚಿತ್ರದ ಒಂದು ಹಾಡಿಗಾಗಿ ಬಿದ್ದು ಅವರನ್ನು ಕರೆದರು. ಹಾಡಿದವಳು ಕರಾಚಿ ಮೂಲದ, ಲಂಡನ್‌ನಲ್ಲಿ ಬೆಳೆಯುತ್ತಿದ್ದ ಶಾಲಾ ಬಾಲಕಿ ನಾಝಿಯಾ ಹಸನ್. ಕೊಡವ, ಪಠಾಣ, ಪಾಕಿಸ್ತಾನಿ ಹುಡುಗಿ ಮೂವರೂ ಸೇರಿದ ಆ ಹಾಡಿಗೆ ಗಡಿಯ ಎರಡೂ ಕಡೆ ಮದುವೆ ಮನೆಗಳು ಕುಣಿದವು.

ಅಲೆ ಮೂಲ್ಕಿಗೆ ಬಂದಾಗ

ಹಲಗೆಯ ಮೇಲಿನ ಸವಾರಿ ನಮ್ಮ ಕರಾವಳಿಯಲ್ಲಿ ಬೇರೂರಿದ್ದು ಅರುವತ್ತರಲ್ಲಿ ಅಲ್ಲ, ಈ ಶತಮಾನದಲ್ಲಿ. ಅಮೆರಿಕದಲ್ಲಿ ಅಲೆ ಏರುತ್ತಾ ಬೆಳೆದು ಮುಂದೆ ವೈಷ್ಣವ ಸನ್ಯಾಸಿಯಾದ ಜಾಕ್ ಹೆಬ್ನರ್ 2004ರಲ್ಲಿ ಮೂಲ್ಕಿಯಲ್ಲಿ 'ಮಂತ್ರ ಸರ್ಫ್ ಕ್ಲಬ್' ಸುರುಮಾಡಿದರು. ಜನ ಅವರನ್ನು 'ಸರ್ಫಿಂಗ್ ಸ್ವಾಮಿ' ಎಂದೇ ಕರೆದರು. 2016ರಲ್ಲಿ ಸಸಿಹಿತ್ಲುವಿನಲ್ಲಿ ರಾಷ್ಟ್ರೀಯ ಮಟ್ಟದ ಸ್ಪರ್ಧೆ ನಡೆಯಿತು. ಮೂಲ್ಕಿಯ ತನ್ವಿ ಜಗದೀಶ್ ಅವರಂತಹ ಹೆಣ್ಣುಮಕ್ಕಳು ಹಲಗೆ ಹಿಡಿದು ದೇಶವಿದೇಶಗಳಲ್ಲಿ ಹೆಸರು ಮಾಡಿದರು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬೂದಿಹಾಳ್ ಕಂಚು ಗೆದ್ದರು. ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಅದು ಮೊದಲ ಪದಕ. ಒಂದು ಕಾಲದಲ್ಲಿ ಪಾದ್ರಿಗಳು ಪಾಪವೆಂದ ಆಟವನ್ನು ಒಬ್ಬ ಸ್ವಾಮಿ ನಮ್ಮ ಊರಿಗೆ ತಂದದ್ದು ಚರಿತ್ರೆಯ ತಮಾಷೆಗಳಲ್ಲೊಂದು.

ಇಷ್ಟೆಲ್ಲ ಆದ ಮೇಲೆ ನಮ್ಮ ಕಿನಾರೆಯೂ ಆಟದ ಸ್ಥಳವಾಗಿದೆ. ಅದರೊಂದಿಗೆ ಬೇಲಿಯೂ ಬಂದಿದೆ. 2023ರ ಜೂನ್ 1ರಂದು ಸೋಮೇಶ್ವರ ಕಡಲತೀರದಲ್ಲಿ ಒಟ್ಟಿಗೆ ಬಂದಿದ್ದ ವಿದ್ಯಾರ್ಥಿ ವಿದ್ಯಾರ್ಥಿನಿಯರನ್ನು ಗುಂಪೊಂದು ತಡೆಯಿತು. ಹುಡುಗರು ಒಂದು ಧರ್ಮದವರು, ಹುಡುಗಿಯರು ಇನ್ನೊಂದು ಧರ್ಮದವರು ಎಂಬುದೇ ತಪ್ಪಾಯಿತು. ಹುಡುಗರಿಗೆ ಪೆಟ್ಟು ಬಿತ್ತು. ಪೊಲೀಸರು ಕೆಲವರನ್ನು ಬಂಧಿಸಿದರು. ಇದಕ್ಕೂ ಮೊದಲು 2009ರಲ್ಲಿ ಮಂಗಳೂರಿನ ಪಬ್ ಒಂದರಲ್ಲಿ, 2012ರಲ್ಲಿ ಪಡೀಲಿನ ಹೋಂಸ್ಟೇ ಒಂದರಲ್ಲಿ ಯುವಜನರ ಮೇಲೆ ನಡೆದ ದಾಳಿಗಳನ್ನು ಈ ಜಿಲ್ಲೆ ಮರೆತಿಲ್ಲ. ಇಂತಹ ಕಾವಲುಗಾರಿಕೆ ಒಂದೇ ಸಮುದಾಯದ ಗುತ್ತಿಗೆಯೂ ಅಲ್ಲ. 'ನಮ್ಮ' ಹುಡುಗಿ ಯಾರ ಬೈಕಿನಲ್ಲಿ ಹೋದಳು ಎಂದು ಫೋನಿನಲ್ಲಿ ಚಿತ್ರ ತೆಗೆದು ಹಂಚುವವರು ಎಲ್ಲ ಕಡೆಯೂ ಇದ್ದಾರೆ.

ಉಡುಗೆ ಹೇಗಿರಬೇಕು, ಮೋಜಿಗೆ ಮಿತಿ ಎಷ್ಟಿರಬೇಕು, ಮಕ್ಕಳು ಎಷ್ಟು ಹೊತ್ತಿಗೆ ಮನೆಗೆ ಬರಬೇಕು ಎಂಬ ಬಗ್ಗೆ ಪ್ರತಿ ಮನೆಗೂ ತನ್ನ ಕ್ರಮ ಇರುತ್ತದೆ. ಅದನ್ನು ಮನೆಯೊಳಗೆ ಮಾತಾಡಿ ತೀರ್ಮಾನಿಸಬೇಕು. ತಂದೆ ತಾಯಿಯರು ಬುದ್ಧಿ ಹೇಳುವುದಕ್ಕೂ ಅಪರಿಚಿತನೊಬ್ಬ ಹೆಸರು ಕೇಳಿ ಕೈ ಎತ್ತುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಸಂಸ್ಕಾರ, ಎರಡನೆಯದು ಬಿಲೋಕ್ಸಿಯ ದೊಣ್ಣೆ.

ಬೇಲಿ ಹಾಕುವವರು ಯಾವಾಗಲೂ ಶುದ್ಧತೆಯ ಮಾತಾಡುತ್ತಾರೆ. ಆದರೆ ಅವರು ಕಾಯುವ ಕಿನಾರೆಯ ಒಂದು ಹಾಡಾದರೂ, ಒಂದು ಆಟವಾದರೂ ಶುದ್ಧವಾಗಿ ಒಬ್ಬರದ್ದೇ ಆಗಿದೆಯೇ? ಕ್ಯಾಲಿಫೋರ್ನಿಯಾದ ಬಿಳಿಯ ಹುಡುಗರು ಮಿಸ್ರಿನ ರಾಗಕ್ಕೆ ಕುಣಿದರು. ಅದು ಎಲ್ಲಿಯದೆಂದು ಅವರಿಗೆ ಗೊತ್ತಿರಲಿಲ್ಲ. ನಮ್ಮಲ್ಲಿ ಬಲೆ ಎಳೆದದ್ದು ಒಬ್ಬರು, ಮೀನು ಮಾರಿದ್ದು ಇನ್ನೊಬ್ಬರು, ಕೊಂಡು ಅಟ್ಟದ್ದು ಮತ್ತೊಬ್ಬರು. ಈ ಕೊಡುಕೊಳ್ಳುವಿಕೆ ಇಲ್ಲದಿದ್ದರೆ ಅತ್ತ ಸಂಗೀತವೂ ಇರುತ್ತಿರಲಿಲ್ಲ, ಇತ್ತ ಸಾರೂ ಇರುತ್ತಿರಲಿಲ್ಲ.

ಬ್ರೂಸ್ ದಂಪತಿಯ ಜಾಗ ವಾರಸುದಾರರಿಗೆ ಮರಳಲು ನೂರು ವರ್ಷ ಬೇಕಾಯಿತು. ಬೇಲಿ ಹಾಕಲು ಒಂದು ಸಂಜೆ ಸಾಕು. ಕೀಳಲು ತಲೆಮಾರುಗಳು ಹಿಡಿಯುತ್ತವೆ. ನಮ್ಮ ಮರಳಿನಲ್ಲಿ ಕಂಬ ನೆಡುವ ಕೆಲಸ ಈಗಷ್ಟೇ ಸುರುವಾಗಿದೆ. ಅದು ಇನ್ನೂ ಸಡಿಲವಾಗಿರುವಾಗಲೇ ಕೈ ಹಾಕಿ ಕಿತ್ತರೆ ಮುಂದಿನ ಮಕ್ಕಳಿಗೆ ಆ ಕಷ್ಟ ತಪ್ಪುತ್ತದೆ.